ಅಪ್ಪನ ಪಿಕಪ್ ಮತ್ತೆ ಚಕ್ರದ ಮೇಲೆ ನಿಂತ್ಕೊಳ್ತು

ಅಂತೂ ನಿನ್ನೆ ಸಂಜೆ ಅಪ್ಪನ 86ರ ಮಾಡೆಲ್ ಪಿಕಪ್ ಜಾಕಿಯಿಂದ ಕೆಳಗಿಳೀತು. ಆಲ್ದೂರಿನ ಮಳೇಲಿ ಇಷ್ಟು ವರ್ಷ ಕಾಫಿ ಮೂಟೆ, ಗೊಬ್ಬರ ಎಲ್ಲ ಹೊತ್ತ ಗಾಡಿ. ಹಿಂದಿನ ಬಾಡಿ ಇಳಿಸಿ ಚಾಸಿಗೆ, ಅಂದ್ರೆ ಗಾಡಿ ಭಾರ ಹೊರೋ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಸ್ಕ್ರೂಡ್ರೈವರ್ ಚುಚ್ಚಿದ್ರೆ ಹಪ್ಪಳದ ತರ ಪುಡಿಪುಡಿ, ಒಳಗಿಂದ ಒಂದು ಬೊಗಸೆ ಕೆಂಪುಮಣ್ಣು ಸುರೀತು. ಹೊರಗೆ ಪೇಂಟ್ ನೋಡಿ ಗಟ್ಟಿ ಇದೆ ಅನ್ಕೊಂಡಿದ್ವಿ, ಒಳಗೆ ಕೆಸರು ಕೂತು ತೇವ ಆರದೇ ತುಕ್ಕು ಅಲ್ಲಿಂದ್ಲೇ ತಿಂದಿತ್ತು.

ಪ್ಯಾಚ್ ಹಾಕ್ಸು ಸಾಕು ಅಂದೋರೇ ಜಾಸ್ತಿ. ವೆಲ್ಡಿಂಗ್ ಅಣ್ಣ ಒಪ್ಲಿಲ್ಲ, ತುಕ್ಕಿನ ಮೇಲೆ ವೆಲ್ಡ್ ನಿಲ್ಲಲ್ಲ ಅಂತ ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಿ, ಡೀಸೆಲ್ ಟ್ಯಾಂಕ್ ಇಳ್ಸಿ, ಬ್ಯಾಟರಿ ಬಿಚ್ಚಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕಡೆ ಅಳತೆ ಸಮ ಬಂದ್ಮೇಲೇ ಬೆಸೆದ್ರು. ಸ್ಪ್ರಿಂಗ್ ತರ ಕುಲುಕು ತಡೆಯೋ ಲೀಫ್ ಪ್ಲೇಟ್ ಸೆಟ್, ಅದನ್ನ ಚಾಸಿಗೆ ತಗುಲಿಸೋ ಶಾಕಲ್, ಬೋಲ್ಟ್ ಸುತ್ತ ಕೂರೋ ಬುಶ್, ಪ್ಲೇಟನ್ನ ಆಕ್ಸಲ್‌ಗೆ ಬಿಗಿಯೋ ಯೂ ಬೋಲ್ಟ್, ಶಾಕ್ ಅಬ್ಸಾರ್ಬರ್ ಎಲ್ಲ ಹೊಸದು. ಒಂದು ಮಾತು, ರಬ್ಬರ್ ಬುಶ್ ಇದ್ರೆ ಅದರ ಬೋಲ್ಟ್ ಗಾಡಿ ಭಾರ ಚಕ್ರದ ಮೇಲೆ ಬಿದ್ಮೇಲೇ ಪೂರ್ತಿ ಟೈಟ್ ಮಾಡ್ಬೇಕು, ಜಾಕಿ ಮೇಲೇ ಬಿಗಿದ್ರೆ ರಬ್ಬರ್ ತಿರುಚ್ಕೊಂಡು ಬೇಗ ಹರಿಯುತ್ತೆ.

ಪ್ರತಿ ಆಯುಧಪೂಜೆಗೆ ಬಾನೆಟ್ ತೊಳೆದು ಹೂ ಹಾಕ್ತಿದ್ವಿ, ಒಂದ್ಸಲಾನೂ ಬಗ್ಗಿ ಕೆಳಗೆ ನೋಡಿರ್ಲಿಲ್ವಲ್ಲ ಅಂತ ಬೇಜಾರಾಯ್ತು. ಹಳೇ ಚಾಸಿ ತುಂಡು ಗುಜರಿಗೆ ಹಾಕೋಕೆ ಅಪ್ಪ ಬಿಡ್ಲಿಲ್ಲ, ತೊಡೆ ಮೇಲೆ ಇಟ್ಕೊಂಡು ಬೆರಳಲ್ಲಿ ತುಕ್ಕು ಉದುರಿಸ್ತಾ ಸುಮ್ನೆ ಕೂತಿದ್ರು. ಒಂದು 200-300 ಕಿಲೋಮೀಟರ್ ಓಡ್ಸಿ ಯೂ ಬೋಲ್ಟ್ ಇನ್ನೊಂದ್ಸಲ ಬಿಗೀಬೇಕು. ಭಾನುವಾರ ಅಪ್ಪನ್ನ ಕೂರಿಸ್ಕೊಂಡು ಮೂಡಿಗೆರೆಗೆ ಹೊರಡ್ತೀನಿ.