ಸೌಂಡ್ ಟೆಸ್ಟಿಗೆ ಯಾವಾಗಲೂ ಆ ಮಡೋನಾ ಯಾಕೆ?

ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಮದುವೆಗಳಿಗೆ ಸೌಂಡ್ ಹಾಕುವುದು ನನ್ನ ಕೆಲಸ. ಬಾಕ್ಸ್ ಜೋಡಿಸಿ ಮೊದಲು ಹಾಕುವುದು ಅಮೆರಿಕದ ಪಾಪ್ ಗಾಯಕಿ ಮಡೋನಾಳ ‘ಕನ್ಫೆಷನ್ಸ್ ಆನ್ ಎ ಡಾನ್ಸ್ ಫ್ಲೋರ್’. 2005ರ ಆಲ್ಬಮ್. ಜೊತೆಗಿರುವ ಹುಡುಗರು ಪ್ರತಿ ಸಲ ಕೇಳುತ್ತಾರೆ: “ಅಣ್ಣ, ನಾವು ಶಾಲೆಗೆ ಹೋಗುವ ಮೊದಲಿನದ್ದು ಮಾರಾಯ್ರೇ ಇದು. ಅದೂ ಶುರುವಿಂದ ಕೊನೆಯವರೆಗೆ! ಒಂದು ಹಾಡು ಸಾಲದಾ?”

ಸಾಲದು. ಲೆಕ್ಕಕ್ಕೆ ಅದರಲ್ಲಿ 12 ಹಾಡುಗಳಿವೆ, ಆದರೆ ಎಲ್ಲಿಯೂ ನಿಲ್ಲುವುದಿಲ್ಲ. ಒಂದರ ಬಾಲ ಮುಗಿಯುವ ಮೊದಲೇ ಇನ್ನೊಂದರ ತಲೆ ಒಳಗೆ ಬಂದಿರುತ್ತದೆ. ಸುಮಾರು 56 ನಿಮಿಷ ಹೀಗೇ. ಮಡೋನಾ ಜೊತೆ ಇದನ್ನು ಕಟ್ಟಿದವನು ಸ್ಟುವರ್ಟ್ ಪ್ರೈಸ್ ಎಂಬ ಬ್ರಿಟಿಷ್ ಸಂಗೀತ ನಿರ್ಮಾಪಕ. ಹೆಚ್ಚಿನ ಕೆಲಸ ಆದದ್ದು ಲಂಡನ್ನಿನ ಅವನ ಮನೆಯ ಸ್ಟುಡಿಯೊದಲ್ಲಿ. ಆಗ ಅವಳಿಗೆ 47. ಕುಣಿಸುವ ಪ್ರಾಯ ಮುಗಿಯಿತು ಅಂದುಕೊಂಡವರ ಬಾಯಿ ಮುಚ್ಚಿಸಿ 2007ರಲ್ಲಿ ಗ್ರ್ಯಾಮಿಯನ್ನೂ ತಂದಿತು.

ಮೊದಲ ಹಾಡು ಗಡಿಯಾರದ ಟಿಕ್ ಟಿಕ್ಕಿನಿಂದ ಶುರು. ಅಷ್ಟರಲ್ಲೇ ಟ್ವೀಟರ್, ಅಂದರೆ ಸಣ್ಣ ಚೂಪು ಸದ್ದಿನ ಸ್ಪೀಕರ್, ಸರಿ ಇದೆಯಾ ಗೊತ್ತಾಗುತ್ತದೆ. ಆಮೇಲೆ ಪಕ್ಕದ ಮನೆಯಿಂದ ಕೇಳಿದ ಹಾಗೆ, ಮುಚ್ಚಿದ ಬಾಗಿಲಿನ ಹಿಂದಿನಿಂದ, ಸ್ವೀಡನ್ನಿನ ಆಬಾ ತಂಡದ 1979ರ ಹಾಡಿನ ಕೀಬೋರ್ಡ್ ತುಣುಕು. ಆ ತಂಡ ತನ್ನ ಹಾಡಿನ ತುಣುಕನ್ನು ಸುಲಭಕ್ಕೆ ಯಾರಿಗೂ ಕೊಡುವುದಿಲ್ಲ. ಮಡೋನಾ ಪತ್ರ ಬರೆದು ಕೇಳಿ ಪಡೆದಳು. ನಿಧಾನಕ್ಕೆ ಬಾಗಿಲು ತೆರೆಯುತ್ತದೆ, ಬೇಸ್ ಬರುತ್ತದೆ, ಮಂಟಪದ ತಗಡು ಗುಂಯ್ ಅಂದರೆ ಸ್ವಲ್ಪ ಇಳಿಸುತ್ತೇನೆ. ನ್ಯೂಯಾರ್ಕ್ ಹೊಗಳುವ ಹಾಡಿನ ಸಾಹಿತ್ಯ ಮಾತ್ರ ಮಕ್ಕಳ ಪ್ರಾಸ, ಅದನ್ನು ನಾನು ಸಮರ್ಥಿಸುವುದಿಲ್ಲ.

ನಿಲ್ಲದಿರುವುದರ ಬೆಲೆ ನನಗೆ ತಿಳಿದದ್ದು ಒಂದು ಮದುವೆಯ ರಾತ್ರಿ. ಸಿ.ಡಿ.ಯನ್ನು ಎಂಪಿತ್ರೀ ಮಾಡಿ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೆ. ಹಾಗೆ ಮಾಡುವಾಗ ಪ್ರತಿ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಅಂಟಿಕೊಳ್ಳುತ್ತದೆ ಅಂತ ಯಾರಿಗೆ ಗೊತ್ತಿತ್ತು! ಮೊದಲ ಹಾಡಿಂದ ಎರಡನೆಯದಕ್ಕೆ ದಾಟುವಲ್ಲಿ ‘ಟಕ್’. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಕುಣಿಯುತ್ತಿದ್ದ ಅತ್ತೆಯಂದಿರು ಸೆರಗು ಸರಿ ಮಾಡಿಕೊಂಡು ಕುರ್ಚಿಗೆ ಹೋದರು, ಮಾವಂದಿರು ಗ್ಲಾಸಿನ ಕಡೆ. ಮತ್ತೆ ಎಬ್ಬಿಸಲು ಅರ್ಧ ಗಂಟೆ. ಹಾಡುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದ ಆವೃತ್ತಿಯೂ ಇದೆ. ಅದು ನನಗೆ ಬೇಡ.

ಇದನ್ನು ಮಡೋನಾಳಿಂದಲೇ ಕಲಿಯಬೇಕಿರಲಿಲ್ಲ. ಕೊಡವ ಮದುವೆಯ ಗಂಗಾಪೂಜೆ ನೋಡಿದವರಿಗೆ ಗೊತ್ತು: ಮದುಮಗಳು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಬಾವಿಯಿಂದ ಮನೆಗೆ ಹೆಜ್ಜೆ ಹೆಜ್ಜೆಯಾಗಿ ಬರುತ್ತಿರುತ್ತಾಳೆ, ಗಂಡಿನ ಕಡೆಯವರು ಎದುರಿಗೆ ಕುಣಿದು ದಾರಿ ಬಿಡುವುದಿಲ್ಲ. ಗಂಟೆಗಟ್ಟಲೆ. ಅಷ್ಟು ಹೊತ್ತಿನಲ್ಲಿ ಒಮ್ಮೆ ವಾಲಗ ನಿಂತರೂ ಕೆಟ್ಟಿತು, ಕುಣಿತ ನಿಂತು ದಾರಿ ತೆರೆದುಬಿಡುತ್ತದೆ. ವಾಲಗದ್ದು ಆರರ ಎಣಿಕೆ, ಮಡೋನಾಳದ್ದು ನಾಲ್ಕರ ಪೆಟ್ಟು. ತಾಳ ಬೇರೆ, ಹಟ ಒಂದೇ.

ಹೋದ ಸೀಸನ್ನಿನಲ್ಲಿ ನಾನು ಟೆಸ್ಟ್ ಮಾಡುತ್ತಿದ್ದಾಗ ವಾಲಗದವರಲ್ಲಿ ಹಿರಿಯರೊಬ್ಬರು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಮೂರು ಹಾಡು ಕಳೆದವು. ಲೋಟ ಕೆಳಗಿಟ್ಟು ಕೇಳಿದರು, “ಅಲ್ಲ ಮಗ, ಇವರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ?”

“ಮೆಷಿನು ಅಲ್ವಾ ಅಜ್ಜ.”

“ಓ, ಹಾಗೆ,” ಎಂದು ಕೊಂಬು ಒರೆಸಲು ಎದ್ದರು.