ಮಾಳಿಗೆಯಿಂದ ಇಳಿದ ಹಾಸಿಗೆ

ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ನೆಲೆಯೂರಿದ ಧಾರವಾಡದಲ್ಲಿ, ಮಣ್ಣಿನ ಮಾಳಿಗೆಯ ಮನೆಯ ಬೆಳಕಿಂಡಿಯ ಕೆಳಗೆ ಕುಳಿತು ಅಜ್ಜಿ ನನ್ನಿಂದ ಯೇಸುವಿನ ಜೀವನವನ್ನು ಹೇಳುವ ಸುವಾರ್ತೆ ಓದಿಸುತ್ತಿದ್ದರು. ಗಲಿಲಾಯದ ಕಪೆರ್ನೌಮ್ ಎಂಬ ಊರಿನಲ್ಲಿ ನಾಲ್ವರು ಮಾಳಿಗೆಯನ್ನು ಬಿಚ್ಚಿ, ಪಾರ್ಶ್ವವಾಯು ರೋಗಿಯನ್ನು ಹಾಸಿಗೆಸಮೇತ ಯೇಸುವಿನ ಮುಂದೆ ಇಳಿಸಿದ ಪ್ರಸಂಗವನ್ನು ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಓದುವಾಗಲೆಲ್ಲ, ಉದುರುವ ಆ ಮಣ್ಣು ನನ್ನ ಕಣ್ಣಿಗೆ ಕಟ್ಟುತ್ತದೆ. ಯೇಸು ಮೊದಲು ಹೇಳಿದ್ದು ಎದ್ದು ನಡೆ ಎಂದಲ್ಲ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು. ದೇವರೊಬ್ಬನ ಹೊರತು ಪಾಪವನ್ನು ಕ್ಷಮಿಸಬಲ್ಲವರು ಯಾರು ಎಂದು ಅಲ್ಲಿದ್ದ ಶಾಸ್ತ್ರಿಗಳು, ಅಂದರೆ ಯೆಹೂದಿ ಧರ್ಮಶಾಸ್ತ್ರದ ಬೋಧಕರು, ಮನಸ್ಸಿನಲ್ಲಿಯೇ ಆಕ್ಷೇಪಿಸಿದರು. ಅವರ ಪ್ರಶ್ನೆ ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಕ್ಷಮಿಸುವ ಅಧಿಕಾರ ದೈವಿಕವಲ್ಲದಿದ್ದರೆ ರಕ್ಷಣೆ ಎಂಬುದು ಬರೀ ಸಾಂತ್ವನದ ಮಾತಾಗಿ ಉಳಿಯುತ್ತಿತ್ತು. ಆ ಅಧಿಕಾರ ಮನುಷ್ಯಕುಮಾರನಿಗೆ, ಅಂದರೆ ತನ್ನನ್ನು ಹಾಗೆ ಕರೆದುಕೊಂಡ ಯೇಸುವಿಗೆ, ಉಂಟೆಂಬುದಕ್ಕೆ ಗುರುತಾಗಿ, ನಾಲ್ವರು ಹೊತ್ತು ತಂದಿದ್ದ ಆ ರೋಗಿ ತನ್ನ ಹಾಸಿಗೆಯನ್ನು ತಾನೇ ಹೊತ್ತುಕೊಂಡು ಎಲ್ಲರೆದುರು ಹೊರಟುಹೋದನು.