ಏಳರಿಂದ ಭಾಗಿಸಿದ ಆ ಒಂದು ಕಾಲಂ

ಕ್ಲೈಂಟ್‌ಗೆ ಮಾಡಿದ ಪ್ರೆಸೆಂಟೇಶನ್‌ನಲ್ಲಿ ಸ್ಲೈಡ್ 14ರ ತಲೆಬರಹ ನಾನೇ ಬರೆದಿದ್ದೆ: "ಹೆಚ್ಚು ಅನುದಾನ ಸಿಕ್ಕ ಪ್ರದೇಶಗಳಲ್ಲಿ ಬೆಳವಣಿಗೆ ಕಡಿಮೆ."

ಯುರೋಪಿಯನ್ ಒಕ್ಕೂಟದ ಕೃಷಿ ಸಬ್ಸಿಡಿ, ಪ್ರಾದೇಶಿಕ ಅಭಿವೃದ್ಧಿ ನಿಧಿ ಎರಡನ್ನೂ ಒಂದೇ ಪ್ಯಾನೆಲ್‌ಗೆ, ಅಂದ್ರೆ ಪ್ರದೇಶವಾರು, ವರ್ಷವಾರು ಅಂಕಿಗಳ ಪಟ್ಟಿಗೆ ಹಾಕಿ, ಬೆಳವಣಿಗೆ ಜೊತೆಗಿನ ನಂಟಿನ ಲೆಕ್ಕ ಓಡಿಸಿದ್ದೆ. ಆ ನಂಟನ್ನು ಅಳೆಯುವ ಕೋಎಫಿಶಿಯಂಟ್ ಮೈನಸ್ ಬಂತು, ಅದೂ ಎರಡು ಸ್ಟಾರ್ ಜೊತೆ, ಅಂದ್ರೆ ಬರೀ ಆಕಸ್ಮಿಕ ಇರಲಿಕ್ಕಿಲ್ಲ ಅನ್ನೋ ಗುರುತಿನ ಜೊತೆ. ನೋಡಿ ಖುಷಿಯಾಯಿತು. ಸಬ್ಸಿಡಿ ಅಂದ್ರೆ ದುಡ್ಡು ಪೋಲು ಅನ್ನೋದು ನನ್ನ ತಲೆಯಲ್ಲಿ ಮೊದಲೇ ಕೂತಿತ್ತು. ಬೇಕಾದ ಉತ್ತರ ಸಿಕ್ಕಮೇಲೆ ಇನ್ನೊಂದು ಸಲ ಯಾರು ನೋಡ್ತಾರೆ? ನಾನು ನೋಡಲಿಲ್ಲ.

ರಿವ್ಯೂ ಕಾಲ್‌ನಲ್ಲಿ ಕ್ಲೈಂಟ್ ಕಡೆಯ ಹಿರಿಯರೊಬ್ಬರು ಮೆತ್ತಗೆ ಕೇಳಿದರು: "2009ರಲ್ಲಿ ಈ ಪ್ರದೇಶಕ್ಕೆ ಇಷ್ಟು ದುಡ್ಡು ಅಂತ ತೋರಿಸಿದ್ದೀರಿ. ನಿಜಕ್ಕೂ ಆ ವರ್ಷವೇ ಹೋಗಿತ್ತಾ?"

"ಹೌದು ಸರ್" ಅಂದುಬಿಟ್ಟೆ. ಗೊತ್ತಿದ್ದು ಹೇಳಿದ್ದಲ್ಲ.

"ಶೀಟ್ ಒಮ್ಮೆ ತೋರಿಸ್ತೀರಾ?" ಅಂದರು. ಸ್ಕ್ರೀನ್ ಶೇರ್ ಮಾಡಿ ಆ ಸೆಲ್ ಮೇಲೆ ಕ್ಲಿಕ್ ಮಾಡಿದೆ. ಮೇಲಿನ ಬಾರ್‌ನಲ್ಲಿ ಫಾರ್ಮುಲಾ ಬಂತು: ಡಿ12/7. ಏಳು ವರ್ಷದ ಹಂಚಿಕೆಯನ್ನು ಸುಮ್ನೆ ಏಳರಿಂದ ಭಾಗಿಸಿದ್ದೆ. ಎಲ್ಲರೂ ಅದನ್ನೇ ನೋಡುತ್ತಿದ್ದರು. ಯಾರೂ ಮಾತಾಡಲಿಲ್ಲ. ಮೌಸ್ ಹಿಡಿದ ಕೈ ಬೆವರಿತು, ಶೇರ್ ನಿಲ್ಲಿಸೋ ಬಟನ್ ಎಲ್ಲಿದೆ ಅಂತಲೂ ಕಾಣಲಿಲ್ಲ. ಕೊನೆಗೆ ನಮ್ಮ ಲೀಡ್ ಮೇಡಂ "ಇದನ್ನು ಸರಿಮಾಡಿ ಕಳಿಸ್ತೀವಿ" ಅಂದರು.

ನಡೆದದ್ದು ಇಷ್ಟು. 2007–13ರ ಅವಧಿಗೆ ಮಂಜೂರಾದ ಪ್ರಾದೇಶಿಕ ನಿಧಿಯನ್ನು 2015ರ ಕೊನೆಯವರೆಗೂ ಖರ್ಚು ಮಾಡಬಹುದಿತ್ತು. ಟೆಂಡರ್, ಜಮೀನು, ಒಪ್ಪಿಗೆ ಎಲ್ಲಾ ಮುಗಿದ ಮೇಲೇ ಬಿಲ್. ಮೊದಲ ವರ್ಷಗಳಲ್ಲಿ ಹೋಗೋದು ಕಡಿಮೆ, ಕೊನೆಗೆ ಜಾಸ್ತಿ. ನಾನು ಮಾತ್ರ 2009ರ ಆರ್ಥಿಕ ಕುಸಿತದ ವರ್ಷಕ್ಕೂ ಸಮಪಾಲು ಸುರಿದಿದ್ದೆ. ಇನ್ನೂ ಕೈಗೆ ಬರದ ದುಡ್ಡನ್ನು ಆ ವರ್ಷದ ಕುಸಿತಕ್ಕೆ ಹೊಣೆ ಮಾಡಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಈ ನಿಧಿಯ ದೊಡ್ಡ ಪಾಲು ಸಿಗೋದೇ ತಲಾ ಜಿಡಿಪಿ ಒಕ್ಕೂಟದ ಸರಾಸರಿಯ 75%ಕ್ಕಿಂತ ಕಡಿಮೆ ಇರುವ ಪ್ರದೇಶಗಳಿಗೆ. ಹಿಂದೆ ಬಿದ್ದಿವೆ ಅಂತಲೇ ಅವಕ್ಕೆ ದುಡ್ಡು. ಅವನ್ನು ಶ್ರೀಮಂತ ಪ್ರದೇಶಗಳ ಪಕ್ಕ ನಿಲ್ಲಿಸಿ ದುಡ್ಡಿನಿಂದಲೇ ಹೀಗಾಯಿತು ಅನ್ನೋದು ಅನ್ಯಾಯ ಅಲ್ವಾ? 75ರ ಗೆರೆಗೆ ಸ್ವಲ್ಪ ಕೆಳಗಿದ್ದವನ್ನು ಸ್ವಲ್ಪ ಮೇಲಿದ್ದವುಗಳ ಜೊತೆ ಹೋಲಿಸಿ, ದುಡ್ಡು ನಿಜವಾಗಿ ಪಾವತಿಯಾದ ವರ್ಷ ಹಾಕಿ ಮತ್ತೆ ಓಡಿಸಿದೆ. ಮೈನಸ್ ಉಳಿಯಲಿಲ್ಲ.

ಕೃಷಿ ಸಬ್ಸಿಡಿಯನ್ನು ಇದರ ಜೊತೆ ಕೂಡಿಸಬಾರದಿತ್ತು. ಅದರ ಲೆಕ್ಕವೇ ಬೇರೆ. ರೈತರಿಗೆ ಹೋಗುವ ನೇರ ಪಾವತಿ ಬಹುಪಾಲು ಹೆಕ್ಟೇರ್ ಲೆಕ್ಕದಲ್ಲಿ ಬರುತ್ತದೆ, ಊರು ಬಡವೋ ಶ್ರೀಮಂತವೋ ಅಂತ ನೋಡೋದಿಲ್ಲ. ಹೆಚ್ಚುಕಡಿಮೆ 80% ದುಡ್ಡು 20% ಫಲಾನುಭವಿಗಳಿಗೇ ಹೋಗುತ್ತದೆ. ಜಮೀನು ಗುತ್ತಿಗೆಯದ್ದಾದರೆ ಸಬ್ಸಿಡಿಯ ಒಂದಷ್ಟು ಗುತ್ತಿಗೆ ದರಕ್ಕೇ ಸೇರಿಕೊಂಡು ಮಾಲೀಕರ ಕೈ ಸೇರುತ್ತದೆ. ಆ ಮಾಲೀಕರು ದೂರದ ಪಟ್ಟಣದಲ್ಲಿರಬಹುದು. ನನ್ನ ಶೀಟ್‌ನಲ್ಲಿ ಅದು ಹೊಲ ಇರುವ ಪ್ರದೇಶದ ಲೆಕ್ಕದಲ್ಲೇ ಕೂತಿತ್ತು.

ಪ್ರತಿ ಸ್ಲೈಡ್‌ಗೂ ಒಂದೇ ಸಾಲಿನ ತೀರ್ಮಾನ ಬೇಕು ಅನ್ನೋ ಟೆಂಪ್ಲೇಟ್ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಇಂಥ ವಿಷಯ ಒಂದು ಸಾಲಿಗೆ ಇಳಿಯೋದಿಲ್ಲ. ಆದರೆ ಏಳರಿಂದ ಭಾಗಿಸಿದ್ದು ಟೆಂಪ್ಲೇಟ್ ಅಲ್ಲ, ನಾನು.

ಸ್ಲೈಡ್ 14 ತೆಗೆದೆವು. ಅದರ ಜಾಗಕ್ಕೆ ಎರಡು ಬಂದವು, ಕೃಷಿಗೆ ಒಂದು, ಪ್ರದೇಶಕ್ಕೆ ಒಂದು. ತಿದ್ದಿದ ಶೀಟ್ ಜೊತೆ ಆ ಹಿರಿಯರಿಗೆ ಒಂದು ಮೇಲ್ ಬರೆದೆ. ಲೆಕ್ಕದ ತಪ್ಪು ಮೇಡಂ ಆಗಲೇ ತಿಳಿಸಿದ್ದರು. ನಾನು ಕ್ಷಮೆ ಕೇಳಿದ್ದು "ಹೌದು ಸರ್" ಅಂದಿದ್ದಕ್ಕೆ.